ಕಾನೂನು ತಂತ್ರಜ್ಞಾನ ಮತ್ತು ವೃತ್ತಿ ಸಮ್ಮೇಳನಗಳು: ಬದಲಾದ ಪಾತ್ರ

1. ಪೀಠಿಕೆ

ನ್ಯಾಯಾಲಯದ ಕಲಾಪ ಬಹಿರಂಗವಾಗಿ ನಡೆಯಬೇಕೆಂಬುದು ಆಧುನಿಕ ನ್ಯಾಯವ್ಯವಸ್ಥೆಯ ಮೂಲತತ್ತ್ವಗಳಲ್ಲೊಂದು. ವಾದಿ, ಪ್ರತಿವಾದಿ, ಸಾಕ್ಷಿ, ವಕೀಲ, ನ್ಯಾಯಾಧೀಶ ಇವರೆಲ್ಲರ ಸ್ಥಾನ ಅಲ್ಲಿ ನಿರ್ದಿಷ್ಟವಾದುದು. ಯಾರು ಯಾರ ಪರವಾಗಿ ಮಾತನಾಡುತ್ತಾರೆ ಎಂಬುದು ದಾಖಲೆಯಲ್ಲಿರುತ್ತದೆ. ಆದರೆ ಗಣಕಯಂತ್ರವು ನ್ಯಾಯವೃತ್ತಿಯನ್ನು ಪ್ರವೇಶಿಸಿದ ಮೇಲೆ ಎದ್ದ ಹಲವು ಮುಖ್ಯ ಪ್ರಶ್ನೆಗಳು ಮೊದಲು ಚರ್ಚೆಗೆ ಬಂದದ್ದು ನ್ಯಾಯಾಲಯದಲ್ಲಲ್ಲ. ಲಕ್ಷಾಂತರ ವಿದ್ಯುನ್ಮಾನ ಪತ್ರಗಳಲ್ಲಿ ಸಾಕ್ಷ್ಯವನ್ನು ಹುಡುಕುವುದು ಹೇಗೆ, ಎಷ್ಟು ಹುಡುಕಿದರೆ ಸಾಕು, ಹುಡುಕುವ ಕೆಲಸವನ್ನು ಯಂತ್ರಕ್ಕೆ ವಹಿಸಬಹುದೆ ಎಂಬ ಪ್ರಶ್ನೆಗಳು ಹೋಟೆಲುಗಳ ಸಭಾಂಗಣಗಳಲ್ಲಿ ಹಾಗೂ ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ನಡೆದ ಸಮ್ಮೇಳನಗಳಲ್ಲಿ ರೂಪ ಪಡೆದವು.

ಕಾನೂನು ತಂತ್ರಜ್ಞಾನದ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರಗಳ ಮತ್ತು ತಂತ್ರಾಂಶಗಳ ಇತಿಹಾಸವಾಗಿ ನಿರೂಪಿಸಲಾಗುತ್ತದೆ. ಅದನ್ನು ಸಮ್ಮೇಳನಗಳ ಇತಿಹಾಸವಾಗಿಯೂ ಓದಲು ಸಾಧ್ಯವಿದೆ. ಹಾಗೆ ಓದಿದಾಗ, ಉಪಕರಣವನ್ನು ಮಾರುವವರು, ಬಳಸುವವರು ಮತ್ತು ಅದರ ಯುಕ್ತತೆಯನ್ನು ತೀರ್ಮಾನಿಸುವವರು ಒಂದೇ ಸಭಾಂಗಣದಲ್ಲಿ ಸೇರಿದಾಗ ನ್ಯಾಯಕ್ಕೆ ಆಗುವ ಲಾಭವೇನು, ಒದಗಬಹುದಾದ ಅಪಾಯವೇನು ಎಂಬ ಪ್ರಶ್ನೆ ಮುನ್ನೆಲೆಗೆ ಬರುತ್ತದೆ. ಈ ಉದ್ಯಮ ಮೊದಲು ಬೆಳೆದು ನಿಂತ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಭಾರತದ ಮತ್ತು ಕರ್ನಾಟಕದ ಸಂದರ್ಭಕ್ಕೆ ಅದರ ಪ್ರಸ್ತುತತೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಬಳಕೆದಾರರ ಕೂಟ

ನ್ಯಾಯವಾದಿಗಳ ಕಚೇರಿಯನ್ನು ಗಣಕ ಪ್ರವೇಶಿಸಿದ್ದು ಎರಡು ಬಾಗಿಲುಗಳಿಂದ. ಮೊದಲನೆಯದು ತೀರ್ಪುಗಳ ಶೋಧ. 1973ರಲ್ಲಿ ಲೆಕ್ಸಿಸ್, 1975ರಲ್ಲಿ ವೆಸ್ಟ್‌ಲಾ ಸೇವೆಗಳು ಆರಂಭಗೊಂಡು, ಗ್ರಂಥಾಲಯದ ಸಂಪುಟಗಳಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಹುಡುಕಾಟವನ್ನು ಪರದೆಯ ಮೇಲೆ ತಂದವು. ಎರಡನೆಯದು ಬೆರಳಚ್ಚಿನ ಜಾಗಕ್ಕೆ ಬಂದ ಪದಸಂಸ್ಕರಣ ಯಂತ್ರ. ದೊಡ್ಡ ನ್ಯಾಯವಾದಿ ಸಂಸ್ಥೆಗಳಿಗೆ ಈ ಯಂತ್ರಗಳನ್ನು ಕೊಳ್ಳುವುದು ಸುಲಭವಾಗಿತ್ತು, ನಿರ್ವಹಿಸುವುದು ಸುಲಭವಾಗಿರಲಿಲ್ಲ. ಕಾನೂನು ಶಾಲೆಗಳಲ್ಲಿ ಇದನ್ನು ಕಲಿಸುತ್ತಿರಲಿಲ್ಲ. ಯಂತ್ರದ ಕಂಪನಿಗೆ ಕಾನೂನಿನ ಕೆಲಸದ ಸೂಕ್ಷ್ಮಗಳು ತಿಳಿದಿರಲಿಲ್ಲ.

ಈ ಕೊರತೆಯನ್ನು ತುಂಬಿದ್ದು ಬಳಕೆದಾರರ ಕೂಟಗಳು. ಇಂದು ಅಂತರರಾಷ್ಟ್ರೀಯ ಕಾನೂನು ತಂತ್ರಜ್ಞಾನ ಸಂಘ ಎಂದು ಹೆಸರಾಗಿರುವ ಇಲ್ಟಾ ಸಂಸ್ಥೆಯ ಮೂಲ 1980ರಲ್ಲಿ ವ್ಯಾಂಗ್ ಕಂಪನಿಯ ಗಣಕಗಳನ್ನು ಬಳಸುತ್ತಿದ್ದ ನ್ಯಾಯವಾದಿ ಸಂಸ್ಥೆಗಳ ಇಂಥದೊಂದು ಕೂಟದಲ್ಲಿದೆ. ಅಲ್ಲಿಗೆ ಬರುತ್ತಿದ್ದವರು ಬಹುತೇಕ ವಕೀಲರಲ್ಲ, ಕಚೇರಿಯ ಗಣಕ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿ. ಒಂದು ಸಂಸ್ಥೆಯಲ್ಲಿ ಕೆಟ್ಟದ್ದು ಇನ್ನೊಂದರಲ್ಲಿ ಹೇಗೆ ಸರಿಹೋಯಿತು ಎಂಬುದನ್ನು ಪರಸ್ಪರ ತಿಳಿಸುವುದೇ ಸಭೆಯ ಉದ್ದೇಶ. ವೃತ್ತಿಯಲ್ಲಿ ಪ್ರತಿಸ್ಪರ್ಧಿಗಳಾಗಿದ್ದ ಸಂಸ್ಥೆಗಳ ನೌಕರರು ಇಲ್ಲಿ ಸಹೋದ್ಯೋಗಿಗಳಂತೆ ಕೂಡುತ್ತಿದ್ದರು. 1980ರ ದಶಕದಲ್ಲೇ ಅಮೆರಿಕನ್ ಬಾರ್ ಅಸೋಸಿಯೇಷನ್ ಷಿಕಾಗೋ ನಗರದಲ್ಲಿ ಆರಂಭಿಸಿದ ಟೆಕ್‌ಷೋ ಎಂಬ ವಾರ್ಷಿಕ ಸಮಾವೇಶವು ಸ್ವತಂತ್ರವಾಗಿ ವೃತ್ತಿ ನಡೆಸುವ ಹಾಗೂ ಸಣ್ಣ ಕಚೇರಿಗಳ ವಕೀಲರಿಗೂ ಈ ಜ್ಞಾನವನ್ನು ಮುಟ್ಟಿಸಿತು.

ಸಮ್ಮೇಳನಗಳ ವಿಸ್ತರಣೆಗೆ ಇನ್ನೊಂದು ಕಾರಣವೂ ಇತ್ತು. 1975ರಲ್ಲಿ ಮಿನೆಸೋಟ ರಾಜ್ಯವು ವಕೀಲರು ವೃತ್ತಿಯಲ್ಲಿ ಮುಂದುವರಿಯಲು ನಿಗದಿತ ಗಂಟೆಗಳ ನಿರಂತರ ಕಾನೂನು ಶಿಕ್ಷಣವನ್ನು ಪಡೆಯಬೇಕೆಂದು ಕಡ್ಡಾಯಗೊಳಿಸಿತು. ಕ್ರಮೇಣ ಅಲ್ಲಿನ ಹೆಚ್ಚಿನ ರಾಜ್ಯಗಳು ಇದನ್ನು ಅನುಸರಿಸಿದವು. ಸಮ್ಮೇಳನದ ಗೋಷ್ಠಿಯಲ್ಲಿ ಕುಳಿತ ಸಮಯ ಈ ಗಂಟೆಗಳ ಲೆಕ್ಕಕ್ಕೆ ಸೇರುವಂತಾದುದರಿಂದ ಕಲಿಕೆಯ ಅಪೇಕ್ಷೆಯೊಡನೆ ನಿಯಮದ ಒತ್ತಡವೂ ಸಭಿಕರನ್ನು ಕರೆತಂದಿತು.

3. ಸಂಶೋಧನೆಯ ವೇದಿಕೆ

ಇದೇ ಕಾಲದಲ್ಲಿ ಮತ್ತೊಂದು ಧಾರೆ ಪ್ರತ್ಯೇಕವಾಗಿ ಹರಿಯುತ್ತಿತ್ತು. ಕೃತಕ ಬುದ್ಧಿಮತ್ತೆ ಮತ್ತು ಕಾನೂನು ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1987ರಲ್ಲಿ ಬಾಸ್ಟನ್ ನಗರದಲ್ಲಿ ನಡೆಯಿತು. ಎರಡು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿರುವ ಈ ಸಮ್ಮೇಳನ ವಿದ್ವಾಂಸರಲ್ಲಿ ಐಕೇಲ್ ಎಂದು ಪರಿಚಿತವಾಗಿದೆ. 1988ರಿಂದ ನೆದರ್‌ಲ್ಯಾಂಡ್ಸ್ ಮೂಲದ ಜ್ಯೂರಿಕ್ಸ್ ಸಮ್ಮೇಳನ ಪ್ರತಿವರ್ಷ ನಡೆಯತೊಡಗಿತು. 1991ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವೂ 1992ರಲ್ಲಿ ಅದರ ವಿದ್ವತ್ ಪತ್ರಿಕೆಯೂ ಹುಟ್ಟಿಕೊಂಡವು. ಕಾನೂನಿನ ತರ್ಕವನ್ನು ಯಂತ್ರಕ್ಕೆ ಅರ್ಥವಾಗುವಂತೆ ನಿರೂಪಿಸುವುದು, ಪೂರ್ವನಿದರ್ಶನಗಳ ಸಾಮ್ಯ ವೈಷಮ್ಯಗಳನ್ನು ಗುರುತಿಸುವುದು ಇಲ್ಲಿನ ಪ್ರಬಂಧಗಳ ವಸ್ತುಗಳಾಗಿದ್ದವು. ಇಲ್ಲಿ ಪ್ರಬಂಧಗಳನ್ನು ವಿಷಯತಜ್ಞರು ಪರಿಶೀಲಿಸಿದ ಬಳಿಕವೇ ಅಂಗೀಕರಿಸಲಾಗುತ್ತಿತ್ತು, ನಡಾವಳಿಗಳು ಮುದ್ರಣಗೊಳ್ಳುತ್ತಿದ್ದವು. ಹಿಂದಿನ ಹೇಳಿಕೆಯನ್ನು ಮುಂದಿನವರು ಪರೀಕ್ಷಿಸಲು ಇದರಿಂದ ಅವಕಾಶವಾಯಿತು.

ಬಳಕೆದಾರರ ಕೂಟವೂ ಸಂಶೋಧಕರ ಸಮ್ಮೇಳನವೂ ದೀರ್ಘಕಾಲ ಹೆಚ್ಚಿನ ಸಂಪರ್ಕವಿಲ್ಲದೆ ನಡೆದವು. ಈ ಅಂತರದ ಪರಿಣಾಮವನ್ನು ತೋರಿಸಲು ಒಂದು ನಿದರ್ಶನ ಸಾಕು. ಡೇವಿಡ್ ಬ್ಲೇರ್ ಮತ್ತು ಎಂ. ಇ. ಮ್ಯಾರನ್ ಎಂಬ ಇಬ್ಬರು ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊಕದ್ದಮೆಯೊಂದಕ್ಕೆ ಸಂಬಂಧಿಸಿದ ಸುಮಾರು 40,000 ದಾಖಲೆಗಳನ್ನು, ಅಂದರೆ ಸುಮಾರು 3,50,000 ಪುಟಗಳನ್ನು, ಪದಶೋಧ ವ್ಯವಸ್ಥೆಯೊಂದರಲ್ಲಿ ಪರೀಕ್ಷೆಗೊಡ್ಡಿದ್ದರು. ಸಂಬಂಧಪಟ್ಟ ದಾಖಲೆಗಳಲ್ಲಿ ಶೇಕಡ 75ರಷ್ಟು ತಮಗೆ ಸಿಕ್ಕಿವೆಯೆಂದು ವಕೀಲರು ನಂಬಿದ್ದರು. ನಿಜವಾಗಿ ಸಿಕ್ಕಿದ್ದವು ಸುಮಾರು ಶೇಕಡ 20 ಮಾತ್ರ. ಒಂದೇ ಸಂಗತಿಯನ್ನು ಬೇರೆ ಬೇರೆ ಜನ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಾರೆ. ಹುಡುಕುವವನು ಊಹಿಸಿದ ಪದ ದಾಖಲೆಯಲ್ಲಿ ಇರಬೇಕೆಂದಿಲ್ಲ. ಮಾಹಿತಿ ವಿಜ್ಞಾನಿಗಳಿಗೆ ಸುಪರಿಚಿತವಾಗಿದ್ದ ಈ ಫಲಿತಾಂಶ ವಕೀಲರ ನಿತ್ಯದ ಕೆಲಸದ ಮೇಲೆ ಎರಡು ದಶಕಗಳ ಕಾಲ ಹೆಚ್ಚಿನ ಪ್ರಭಾವ ಬೀರಲಿಲ್ಲ. ಎರಡು ಸಮುದಾಯಗಳು ಒಂದೇ ಸಭೆಯಲ್ಲಿ ಸೇರದಿದ್ದುದು ಇದಕ್ಕೆ ಒಂದು ಕಾರಣ.

4. ನಿಯಮಗಳ ಹುಟ್ಟು

ಅಮೆರಿಕದ ಸಿವಿಲ್ ವ್ಯಾಜ್ಯಗಳಲ್ಲಿ ವಿಚಾರಣೆಗೆ ಮುನ್ನ ಎರಡೂ ಪಕ್ಷಗಳು ತಮ್ಮಲ್ಲಿರುವ ಸಂಬಂಧಿತ ದಾಖಲೆಗಳನ್ನು ಎದುರು ಪಕ್ಷಕ್ಕೆ ಒದಗಿಸಬೇಕು. ಡಿಸ್ಕವರಿ ಎಂಬ ಈ ಘಟ್ಟ ಕಾಗದದ ಕಾಲದಲ್ಲೇ ವೆಚ್ಚದಾಯಕವಾಗಿತ್ತು. ಮಿಂಚಂಚೆ ಬಂದ ಮೇಲೆ ದಾಖಲೆಗಳ ಪ್ರಮಾಣ ಮಿತಿಮೀರಿತು. 2003 ಮತ್ತು 2004ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆ ಷೀರಾ ಶೈಂಡ್ಲಿನ್ ಅವರು ಜುಬುಲೇಕ್ ವಿರುದ್ಧ ಯುಬಿಎಸ್ ವಾರ್ಬರ್ಗ್ ಪ್ರಕರಣದಲ್ಲಿ ನೀಡಿದ ಆದೇಶಗಳು ಈ ಸಮಸ್ಯೆಯನ್ನು ಸ್ಪಷ್ಟಪಡಿಸಿದವು. ಉದ್ಯೋಗದಲ್ಲಿ ಲಿಂಗತಾರತಮ್ಯ ನಡೆದಿದೆಯೆಂದು ದೂರಿದ ಮಹಿಳೆಗೆ ಬೇಕಾಗಿದ್ದ ಮಿಂಚಂಚೆಗಳು ಕಂಪನಿಯ ಬ್ಯಾಕಪ್ ಟೇಪುಗಳಲ್ಲಿದ್ದವು. ಅವನ್ನು ಹೊರತೆಗೆಯುವ ವೆಚ್ಚ ಯಾರದು, ಅಳಿಸಿಹೋದುದಕ್ಕೆ ಹೊಣೆ ಯಾರದು ಎಂಬುದಕ್ಕೆ ಅಂದಿನ ನಿಯಮಗಳಲ್ಲಿ ನೇರ ಉತ್ತರವಿರಲಿಲ್ಲ.

ಉತ್ತರವನ್ನು ಕಟ್ಟುವ ಕೆಲಸದಲ್ಲಿ ಸಮ್ಮೇಳನಗಳು ನೇರವಾಗಿ ಪಾಲ್ಗೊಂಡವು. 1997ರಲ್ಲಿ ರಿಚರ್ಡ್ ಬ್ರಾಮನ್ ಅವರು ಅರಿಜೋನ ರಾಜ್ಯದ ಸೆಡೋನಾದಲ್ಲಿ ಸ್ಥಾಪಿಸಿದ ಸೆಡೋನಾ ಕಾನ್ಫರೆನ್ಸ್ ಇವುಗಳಲ್ಲಿ ಮುಖ್ಯವಾದುದು. ವಾದಿಗಳ ಪರ ವಕೀಲರು, ಪ್ರತಿವಾದಿಗಳ ಪರ ವಕೀಲರು, ನ್ಯಾಯಾಧೀಶರು, ತಜ್ಞರು ಸಣ್ಣ ಗುಂಪುಗಳಲ್ಲಿ ಕುಳಿತು, ವಾದದ ಬದಲು ಸಂವಾದದ ಮೂಲಕ ಒಮ್ಮತವನ್ನು ಅರಸುವುದು ಇಲ್ಲಿನ ಕ್ರಮ. 2002ರಲ್ಲಿ ವಿದ್ಯುನ್ಮಾನ ದಾಖಲೆಗಳ ಕುರಿತು ಕಾರ್ಯಗುಂಪು ರಚನೆಯಾಯಿತು. ಅದು ಸಿದ್ಧಪಡಿಸಿದ ಸೆಡೋನಾ ತತ್ತ್ವಗಳ ಕರಡನ್ನು 2003ರಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಯಿತು. 2007 ಮತ್ತು 2017ರಲ್ಲಿ ಪರಿಷ್ಕೃತ ಆವೃತ್ತಿಗಳು ಬಂದವು. ಶಾಸನದ ಬಲವಿಲ್ಲದ ಈ ತತ್ತ್ವಗಳನ್ನು ನ್ಯಾಯಾಲಯಗಳು ತಮ್ಮ ತೀರ್ಪುಗಳಲ್ಲಿ ಉಲ್ಲೇಖಿಸತೊಡಗಿದವು. ಒಂದು ಸಮ್ಮೇಳನದ ಒಮ್ಮತವು ಹೀಗೆ ನ್ಯಾಯದ ಆಕರವಾಯಿತು.

ನಿಯಮ ರಚಿಸುವ ಅಧಿಕೃತ ಸಮಿತಿಯೂ ಇದೇ ಮಾರ್ಗವನ್ನು ಹಿಡಿಯಿತು. ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ ಸಲಹಾ ಸಮಿತಿ 2004ರ ಫೆಬ್ರವರಿಯಲ್ಲಿ ಫೋರ್ಡ್‌ಹ್ಯಾಮ್ ಕಾನೂನು ಶಾಲೆಯಲ್ಲಿ ವಿದ್ಯುನ್ಮಾನ ಡಿಸ್ಕವರಿ ಕುರಿತ ಸಮ್ಮೇಳನ ನಡೆಸಿತು. 2006ರ ಡಿಸೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಗಳು ವಿದ್ಯುನ್ಮಾನವಾಗಿ ಸಂಗ್ರಹಿತವಾದ ಮಾಹಿತಿ ಎಂಬ ಪರಿಕಲ್ಪನೆಗೆ ನಿಯಮಗಳಲ್ಲಿ ಸ್ಥಾನ ಕೊಟ್ಟವು. 2010ರ ಮೇ ತಿಂಗಳಲ್ಲಿ ಡ್ಯೂಕ್ ಕಾನೂನು ಶಾಲೆಯಲ್ಲಿ ನಡೆದ ಸಮ್ಮೇಳನದ ಚರ್ಚೆಗಳು 2015ರ ಡಿಸೆಂಬರ್ 1ರ ತಿದ್ದುಪಡಿಗಳಿಗೆ ದಾರಿ ಮಾಡಿದವು. ಹುಡುಕಾಟದ ವೆಚ್ಚ ವ್ಯಾಜ್ಯದ ಅಗತ್ಯಕ್ಕೆ ಅನುಗುಣವಾಗಿರಬೇಕೆಂಬ ತತ್ತ್ವ ಅವುಗಳಲ್ಲಿ ಪ್ರಮುಖ ಸ್ಥಾನ ಪಡೆಯಿತು.

5. ಮಾರುಕಟ್ಟೆ ಮತ್ತು ನ್ಯಾಯಪೀಠ

2006ರ ತಿದ್ದುಪಡಿಗಳು ದೊಡ್ಡದೊಂದು ಉದ್ಯಮಕ್ಕೆ ಚಾಲನೆ ಕೊಟ್ಟವು. ದಾಖಲೆಗಳನ್ನು ಸಂಗ್ರಹಿಸುವ, ಶೋಧಿಸುವ, ಪರಿಶೀಲಿಸುವ ಸೇವೆಗಳನ್ನು ಮಾರುವ ಕಂಪನಿಗಳಿಗೆ ಗ್ರಾಹಕರು ಒಂದೆಡೆ ಸಿಗುವ ಸ್ಥಳವೆಂದರೆ ಸಮ್ಮೇಳನ. ಪ್ರಕಾಶನ ಸಂಸ್ಥೆಯಾದ ಎಎಲ್‌ಎಂ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ವರ್ಷದ ಆರಂಭದಲ್ಲಿ ನಡೆಸುತ್ತಿದ್ದ ಲೀಗಲ್‌ಟೆಕ್ ಈ ಬಗೆಯ ಸಮಾವೇಶಗಳಲ್ಲಿ ಪ್ರಮುಖವಾಗಿ ಬೆಳೆಯಿತು. 2017ರಿಂದ ಅದು ಲೀಗಲ್‌ವೀಕ್ ಎಂಬ ವಿಸ್ತೃತ ಹೆಸರಿನಲ್ಲಿ ನಡೆಯುತ್ತಿದೆ. ಮಳಿಗೆಗಳ ಬಾಡಿಗೆ ಮತ್ತು ಪ್ರಾಯೋಜಕತ್ವ ಇಂಥ ಸಮಾವೇಶಗಳ ಆರ್ಥಿಕ ಆಧಾರ. ಬಳಕೆದಾರರ ಕೂಟದಲ್ಲಿ ಕಂಪನಿ ಅತಿಥಿಯಾಗಿತ್ತು. ಇಲ್ಲಿ ಅದು ಆತಿಥೇಯರ ಸಾಲಿಗೆ ಬಂದಿತು.

ಇದೇ ವೇಳೆಗೆ ಸಂಶೋಧನೆಯ ಧಾರೆಯೂ ಸಮೀಪಕ್ಕೆ ಬಂದಿತ್ತು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ನಡೆಸುವ ಟ್ರೆಕ್ ಪಠ್ಯಶೋಧ ಸಮ್ಮೇಳನವು 2006ರಿಂದ 2011ರವರೆಗೆ ಕಾನೂನು ವಿಭಾಗವೊಂದನ್ನು ನಡೆಸಿತು. ತಂಬಾಕು ಮೊಕದ್ದಮೆಗಳಲ್ಲಿ ಬಹಿರಂಗಗೊಂಡ ಸುಮಾರು 70 ಲಕ್ಷ ದಾಖಲೆಗಳ ಸಂಗ್ರಹದ ಮೇಲೆ ವಿಶ್ವವಿದ್ಯಾಲಯಗಳೂ ಕಂಪನಿಗಳೂ ತಮ್ಮ ವಿಧಾನಗಳನ್ನು ಪರೀಕ್ಷೆಗೊಡ್ಡಿದವು. ಟ್ರೆಕ್ ಫಲಿತಾಂಶಗಳನ್ನು ಜಾಹೀರಾತಿಗೆ ಬಳಸಬಾರದೆಂಬ ನಿಬಂಧನೆ ಇದ್ದುದು ಗಮನಾರ್ಹ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಐಕೇಲ್ ಸಮ್ಮೇಳನದ ಅಂಗವಾಗಿ ವಿದ್ಯುನ್ಮಾನ ಡಿಸ್ಕವರಿ ಕುರಿತ ಕಾರ್ಯಾಗಾರವೂ ಆರಂಭವಾಯಿತು. ಟ್ರೆಕ್‌ನ 2009ರ ದತ್ತಾಂಶವನ್ನು ಆಧರಿಸಿ ಮಾರಾ ಗ್ರಾಸ್‌ಮನ್ ಮತ್ತು ಗಾರ್ಡನ್ ಕಾರ್ಮ್ಯಾಕ್ ಅವರು 2011ರಲ್ಲಿ ಪ್ರಕಟಿಸಿದ ಲೇಖನವು, ವಕೀಲರು ಒಂದೊಂದೇ ದಾಖಲೆಯನ್ನು ಓದಿ ನೋಡುವ ಕ್ರಮಕ್ಕಿಂತ ತಂತ್ರಜ್ಞಾನದ ನೆರವಿನ ಪರಿಶೀಲನೆ ಕಡಿಮೆ ಶ್ರಮದಲ್ಲಿ ಹೆಚ್ಚು ಉತ್ತಮ ಫಲ ಕೊಡಬಲ್ಲದೆಂದು ತೋರಿಸಿತು. ಬ್ಲೇರ್ ಮತ್ತು ಮ್ಯಾರನ್ ಎತ್ತಿದ್ದ ಪ್ರಶ್ನೆಗೆ ಇಪ್ಪತ್ತಾರು ವರ್ಷಗಳ ಬಳಿಕ ಸಿಕ್ಕ ಒಂದು ಉತ್ತರ ಇದು.

ಈ ಎಲ್ಲ ಧಾರೆಗಳು ಒಂದು ಮೊಕದ್ದಮೆಯಲ್ಲಿ ಸಂಧಿಸಿದವು. ಡ ಸಿಲ್ವ ಮೂರ್ ವಿರುದ್ಧ ಪಬ್ಲಿಸಿಸ್ ಗ್ರೂಪ್ ಪ್ರಕರಣವೂ ಉದ್ಯೋಗದಲ್ಲಿ ಲಿಂಗತಾರತಮ್ಯವನ್ನು ಆಕ್ಷೇಪಿಸಿದ ಮಹಿಳೆಯರ ವ್ಯಾಜ್ಯ. ಮೂವತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳ ಪರಿಶೀಲನೆಗೆ, ಮಾದರಿಗಳಿಂದ ಕಲಿತು ವಿಂಗಡಿಸುವ ತಂತ್ರಾಂಶವನ್ನು ಬಳಸಬಹುದೆಂದು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶ ಆಂಡ್ರೂ ಪೆಕ್ ಅವರು 2012ರ ಫೆಬ್ರವರಿ 24ರ ಆದೇಶದಲ್ಲಿ ಅಂಗೀಕರಿಸಿದರು. ಅಮೆರಿಕದ ನ್ಯಾಯಾಲಯವೊಂದು ಈ ವಿಧಾನವನ್ನು ಸ್ಪಷ್ಟವಾಗಿ ಒಪ್ಪಿದ ಮೊದಲ ಆದೇಶವೆಂದು ಅದು ಪರಿಗಣಿತವಾಗಿದೆ.

ವಾದಿಗಳು ಆಕ್ಷೇಪಿಸಿದರು. ಆಕ್ಷೇಪ ತಂತ್ರಾಂಶದ ಬಳಕೆಯ ಕ್ರಮಕ್ಕಷ್ಟೇ ಸೀಮಿತವಾಗಿರಲಿಲ್ಲ. ನ್ಯಾಯಾಧೀಶರು ಈ ವಿಧಾನವನ್ನು ಬೆಂಬಲಿಸಿ 2011ರಲ್ಲೇ ಲೇಖನ ಬರೆದಿದ್ದರು. ಲೀಗಲ್‌ಟೆಕ್ ಸೇರಿದಂತೆ ಹಲವು ಸಮ್ಮೇಳನಗಳಲ್ಲಿ ಪ್ರತಿವಾದಿ ಪರ ವಕೀಲರೊಬ್ಬರೊಡನೆ ವೇದಿಕೆ ಹಂಚಿಕೊಂಡಿದ್ದರು. ಪ್ರಕರಣದಲ್ಲಿ ಬಳಸಲುದ್ದೇಶಿಸಿದ್ದ ತಂತ್ರಾಂಶದ ಕಂಪನಿ ಅಂಥ ಸಮಾವೇಶದ ಪ್ರಾಯೋಜಕರಲ್ಲೊಂದಾಗಿತ್ತು ಎಂಬ ಕಾರಣಗಳನ್ನು ಮುಂದಿಟ್ಟು, ಅವರು ಪ್ರಕರಣದಿಂದ ಹಿಂದೆ ಸರಿಯಬೇಕೆಂದು ವಾದಿಗಳು ಕೋರಿದರು. 2012ರ ಜೂನ್‌ನಲ್ಲಿ ಪೆಕ್ ಅವರು ಈ ಕೋರಿಕೆಯನ್ನು ನಿರಾಕರಿಸಿದರು. ತಂತ್ರಜ್ಞಾನದ ಬಗ್ಗೆ ಸಾಮಾನ್ಯ ಅಭಿಪ್ರಾಯ ವ್ಯಕ್ತಪಡಿಸುವುದು ಒಂದು ಪ್ರಕರಣದ ಕಕ್ಷಿಯ ಪರ ಒಲವಾಗುವುದಿಲ್ಲ. ನ್ಯಾಯಾಧೀಶರೂ ವಕೀಲರೂ ಶೈಕ್ಷಣಿಕ ಗೋಷ್ಠಿಗಳಲ್ಲಿ ಜೊತೆಯಾಗಿ ಭಾಗವಹಿಸುವುದು ವಾಡಿಕೆಯಾದುದು ಎಂಬುದು ಅವರ ನಿಲುವಿನ ಸಾರ. ಅದೇ ವರ್ಷದ ನವೆಂಬರ್‌ನಲ್ಲಿ ಜಿಲ್ಲಾ ನ್ಯಾಯಾಧೀಶರು ಇದನ್ನು ಎತ್ತಿಹಿಡಿದರು.

ಕಾನೂನಿನ ದೃಷ್ಟಿಯಿಂದ ವಿವಾದ ಅಲ್ಲಿಗೆ ಮುಗಿಯಿತು. 2015ರ ರಿಯೊ ಟಿಂಟೊ ಪ್ರಕರಣದ ವೇಳೆಗೆ, ದಾಖಲೆ ಒದಗಿಸುವ ಪಕ್ಷ ಈ ವಿಧಾನವನ್ನು ಬಳಸಬಯಸಿದರೆ ನ್ಯಾಯಾಲಯ ಒಪ್ಪುವುದು ಸ್ಥಾಪಿತ ಕಾನೂನಾಗಿದೆಯೆಂದು ಪೆಕ್ ಅವರೇ ಬರೆಯುವಂತಾಗಿತ್ತು. 2016ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯವೂ ಪೈರೋ ಪ್ರಕರಣದಲ್ಲಿ ಇದನ್ನು ಅಂಗೀಕರಿಸಿತು. ಆದರೆ ವಾದಿಗಳ ಆತಂಕದ ಮೂಲದಲ್ಲಿದ್ದ ಪ್ರಶ್ನೆ ಹಾಗೆಯೇ ಉಳಿಯಿತು. ನ್ಯಾಯಾಧೀಶರು ಸಮ್ಮೇಳನಗಳಿಗೆ ಹೋಗದಿದ್ದರೆ ಹೊಸ ಉಪಕರಣಗಳ ಗುಣದೋಷ ಅವರಿಗೆ ತಿಳಿಯುವುದಿಲ್ಲ. ಹೋದರೆ, ಅವರು ಕೇಳುವ ಮಾತಿನಲ್ಲಿ ಹೆಚ್ಚು ಪಾಲು ಸಭಾಂಗಣದ ಖರ್ಚು ಭರಿಸಬಲ್ಲವರದೇ ಆಗಿರುವ ಸಂಭವವುಂಟು. ತಾರತಮ್ಯದ ದೂರು ಹೊತ್ತ ನೌಕರಳಿಗೆ ಆ ಸಭಾಂಗಣದಲ್ಲಿ ಮಳಿಗೆಯಿಲ್ಲ.

6. ಘೋಷಣೆಯ ವೇದಿಕೆ

ಸಮ್ಮೇಳನವು ಮಾರುಕಟ್ಟೆಯ ದಿಕ್ಕಿನಲ್ಲಿ ಮಾತ್ರ ಚಲಿಸಿತೆಂದು ಹೇಳಲಾಗದು. 1992ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಮಾರ್ಟಿನ್ ಮತ್ತು ಥಾಮಸ್ ಬ್ರೂಸ್ ಸ್ಥಾಪಿಸಿದ ಕಾನೂನು ಮಾಹಿತಿ ಸಂಸ್ಥೆ, 1995ರಲ್ಲಿ ಆರಂಭವಾದ ಆಸ್ಟ್ರೇಲಿಯಾದ ಆಸ್ಟ್‌ಲಿ ಮೊದಲಾದವು ಶಾಸನಗಳನ್ನೂ ತೀರ್ಪುಗಳನ್ನೂ ಅಂತರಜಾಲದಲ್ಲಿ ಉಚಿತವಾಗಿ ಒದಗಿಸತೊಡಗಿದವು. ಆಸ್ಟ್‌ಲಿ 1997ರಲ್ಲಿ ಸಿಡ್ನಿಯಲ್ಲಿ ಅಂತರಜಾಲದ ಮೂಲಕ ಕಾನೂನು ಎಂಬ ಸಮ್ಮೇಳನ ಸರಣಿಯನ್ನು ಆರಂಭಿಸಿತು. 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ ಸಮ್ಮೇಳನವು ಕಾನೂನಿನ ಮುಕ್ತ ಲಭ್ಯತೆಯ ಘೋಷಣೆಯನ್ನು ಅಂಗೀಕರಿಸಿತು. ಸಾರ್ವಜನಿಕ ಕಾನೂನು ಮಾಹಿತಿ ಮನುಕುಲದ ಸಮಾನ ಆಸ್ತಿಯ ಭಾಗ, ಅದು ಎಲ್ಲರಿಗೂ ಉಚಿತವಾಗಿ ದೊರೆಯಬೇಕು ಎಂಬುದು ಅದರ ತಿರುಳು. ಮಾರುವ ಸರಕು ಯಾವುದೂ ಇಲ್ಲದ ಈ ಸಮ್ಮೇಳನವು ತಂತ್ರಜ್ಞಾನದ ಉದ್ದೇಶವನ್ನೇ ಬೇರೊಂದು ರೀತಿಯಲ್ಲಿ ವ್ಯಾಖ್ಯಾನಿಸಿತು.

7. ಸಭಾಂಗಣವಿಲ್ಲದ ಸಮ್ಮೇಳನ

2020ರ ಕೋವಿಡ್ ಸಾಂಕ್ರಾಮಿಕವು ಸಮ್ಮೇಳನದ ಅಂಗಾಂಗಗಳನ್ನು ಬಿಡಿಸಿ ತೋರಿಸಿದ ಒಂದು ಅನುದ್ದಿಷ್ಟ ಪ್ರಯೋಗವಾಯಿತು. ಆ ವರ್ಷದ ಆರಂಭದಲ್ಲಿ ನ್ಯೂಯಾರ್ಕ್ ಮತ್ತು ಷಿಕಾಗೋ ಸಮಾವೇಶಗಳು ಎಂದಿನಂತೆ ನಡೆದಿದ್ದವು. ಆಗಸ್ಟ್ ವೇಳೆಗೆ ಇಲ್ಟಾದ ವಾರ್ಷಿಕ ಸಮ್ಮೇಳನ ಅಂತರಜಾಲಕ್ಕೆ ಸ್ಥಳಾಂತರಗೊಂಡಿತು. 2021ರಲ್ಲಿ ಲೀಗಲ್‌ವೀಕ್ ಮತ್ತು ಟೆಕ್‌ಷೋಗಳೂ, ಬ್ರೆಜಿಲ್‌ನ ಸಾವೊ ಪೌಲೊ ಆತಿಥ್ಯ ವಹಿಸಿದ್ದ ಐಕೇಲ್ ಸಮ್ಮೇಳನವೂ ಪರದೆಯ ಮೇಲೆ ನಡೆದವು.

ಉಪನ್ಯಾಸವನ್ನು ಪರದೆಯ ಮೇಲೆ ಕೇಳುವುದಕ್ಕೆ ಅಡ್ಡಿಯಿರಲಿಲ್ಲ. ಪ್ರಯಾಣವೆಚ್ಚ ಭರಿಸಲಾಗದ ದೂರದೇಶದ ಸಂಶೋಧಕರಿಗೂ ಸಣ್ಣ ಕಚೇರಿಗಳ ವಕೀಲರಿಗೂ ಅದರಿಂದ ಪ್ರವೇಶ ಸುಲಭವಾಯಿತು. ಪರದೆಗೆ ಒಗ್ಗದೆ ಹೋದದ್ದು ಗೋಷ್ಠಿಗಳ ನಡುವಿನ ಬಿಡುವು: ಕೊಂಡ ತಂತ್ರಾಂಶ ಕೈಕೊಟ್ಟ ಸಂಗತಿಯನ್ನು ಇನ್ನೊಂದು ಸಂಸ್ಥೆಯವರಿಗೆ ಮೆಲುದನಿಯಲ್ಲಿ ಹೇಳುವ ಅವಕಾಶ. 1980ರ ಬಳಕೆದಾರರ ಕೂಟದ ಜೀವಾಳ ಅದೇ ಆಗಿತ್ತು. 2022ರ ವೇಳೆಗೆ ಪ್ರಮುಖ ಸಮಾವೇಶಗಳು ಸಭಾಂಗಣಗಳಿಗೆ ಮರಳಿದುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಮಾಹಿತಿ ಎಲ್ಲೆಡೆ ಸಿಗುವ ಕಾಲದಲ್ಲಿ ಸಮ್ಮೇಳನವು ಮಾಹಿತಿಗಿಂತ ಹೆಚ್ಚಾಗಿ ವಿಶ್ವಾಸದ ವಿನಿಮಯದ ಸ್ಥಳವಾಗಿ ಉಳಿಯಿತು.

8. ಉತ್ಪಾದಕ ಕೃತಕ ಬುದ್ಧಿಮತ್ತೆಯ ಸವಾಲು

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಬದಲಾವಣೆಯ ವೇಗ ಸಮ್ಮೇಳನಗಳ ವಾರ್ಷಿಕ ಲಯವನ್ನು ಮೀರಿತು. ದಾಖಲೆ ಪರಿಶೀಲನೆಯ ತಂತ್ರಜ್ಞಾನವು ಸಂಶೋಧನೆ, ಪರೀಕ್ಷೆ, ಚರ್ಚೆ, ನ್ಯಾಯಾಲಯದ ಅಂಗೀಕಾರ ಎಂಬ ಮೆಟ್ಟಿಲುಗಳನ್ನು ಹತ್ತಲು ವರ್ಷಗಳನ್ನೇ ತೆಗೆದುಕೊಂಡಿತ್ತು. ಹೊಸ ಉಪಕರಣವು ಮೊದಲು ವಕೀಲರ ಮೇಜನ್ನು ತಲುಪಿತು; ಚರ್ಚೆ ಅನಂತರ ಬಂದಿತು. 2023ರ ಜೂನ್ 22ರಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಅವರು ಮಾಟಾ ವಿರುದ್ಧ ಏವಿಯಾಂಕ ಪ್ರಕರಣದಲ್ಲಿ, ಯಂತ್ರ ಸೃಷ್ಟಿಸಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕಾಗಿ 5,000 ಡಾಲರ್ ದಂಡ ವಿಧಿಸಿದರು. ಅದೇ ತಿಂಗಳು ಥಾಮ್ಸನ್ ರಾಯ್ಟರ್ಸ್ ಕಂಪನಿಯು ಕೇಸ್‌ಟೆಕ್ಸ್ಟ್ ಎಂಬ ಕಾನೂನು ಶೋಧ ಕಂಪನಿಯನ್ನು 65 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಒಂದೇ ತಿಂಗಳಲ್ಲಿ ನಡೆದ ಈ ಎರಡು ಘಟನೆಗಳು ಉದ್ಯಮದ ಉತ್ಸಾಹವನ್ನೂ ನ್ಯಾಯಪೀಠದ ಆತಂಕವನ್ನೂ ಅಕ್ಕಪಕ್ಕದಲ್ಲಿ ತೋರಿಸುತ್ತವೆ.

ಟ್ರೆಕ್ ಮಾದರಿಯ ತಟಸ್ಥ ಪರೀಕ್ಷೆಯ ಅಗತ್ಯ ಹಿಂದೆಂದಿಗಿಂತ ಈಗ ಹೆಚ್ಚು. ಮಳಿಗೆಯ ಪ್ರಾತ್ಯಕ್ಷಿಕೆಯಲ್ಲಿ ಉಪಕರಣ ಸರಿಯಾದ ಉತ್ತರವನ್ನೇ ಕೊಡುತ್ತದೆ. ಅದು ಎಷ್ಟು ಬಾರಿ, ಯಾವ ಬಗೆಯ ಪ್ರಶ್ನೆಗೆ ತಪ್ಪುತ್ತದೆ ಎಂಬುದು ಪ್ರಾತ್ಯಕ್ಷಿಕೆಯಿಂದ ತಿಳಿಯುವುದಿಲ್ಲ.

9. ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ನ್ಯಾಯಾಲಯಗಳ ಗಣಕೀಕರಣ ಬೇರೆ ದಾರಿಯಲ್ಲಿ ಸಾಗಿತು. 1990ರ ದಶಕದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಮೊದಲುಗೊಂಡ ಕೆಲಸಕ್ಕೆ 2004ರ ಡಿಸೆಂಬರ್‌ನಲ್ಲಿ ರಚನೆಯಾದ ಇ-ಸಮಿತಿ ರಾಷ್ಟ್ರೀಯ ಸ್ವರೂಪ ಕೊಟ್ಟಿತು. ಅದರ ಮೊದಲ ಅಧ್ಯಕ್ಷರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಜಿ. ಸಿ. ಭರೂಕಾ. 2005ರ ರಾಷ್ಟ್ರೀಯ ನೀತಿಯ ಆಧಾರದ ಮೇಲೆ ಇ-ನ್ಯಾಯಾಲಯ ಯೋಜನೆಯ ಮೊದಲ ಹಂತದಲ್ಲಿ 14,249 ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳು ಗಣಕೀಕರಣಗೊಂಡವು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೆಯ ಹಂತದ ಗಾತ್ರ 7,210 ಕೋಟಿ ರೂಪಾಯಿ. ಕೃತಕ ಬುದ್ಧಿಮತ್ತೆಯೂ ಸೇರಿದ ಭವಿಷ್ಯದ ತಂತ್ರಜ್ಞಾನಗಳಿಗೆ ಅದರಲ್ಲಿ 53.57 ಕೋಟಿ ಮೀಸಲು. ಪ್ರಕರಣ ನಿರ್ವಹಣೆಯ ತಂತ್ರಾಂಶವನ್ನು ಸರ್ಕಾರಿ ಸಂಸ್ಥೆಯೇ ಮುಕ್ತ ಆಕರದ ನೆಲೆಯಲ್ಲಿ ರೂಪಿಸಿದುದರಿಂದ ಅಮೆರಿಕದ ಮಾದರಿಯ ಮಾರುಕಟ್ಟೆ ಇಲ್ಲಿ ನ್ಯಾಯಾಲಯದ ಬಾಗಿಲವರೆಗೆ ಬರಲಿಲ್ಲ. ವಕೀಲರಿಗೆ ಅಲ್ಲಿನಂತೆ ಕಡ್ಡಾಯ ನಿರಂತರ ಶಿಕ್ಷಣದ ನಿಯಮವೂ ಇಲ್ಲ. ಹೀಗಾಗಿ ತಂತ್ರಜ್ಞಾನದ ಚರ್ಚೆ ಹೆಚ್ಚಾಗಿ ಭೋಪಾಲದ ರಾಷ್ಟ್ರೀಯ ನ್ಯಾಯಿಕ ಅಕಾಡೆಮಿ ಹಾಗೂ ರಾಜ್ಯಗಳ ನ್ಯಾಯಿಕ ಅಕಾಡೆಮಿಗಳ ತರಬೇತಿ ಸಭೆಗಳಲ್ಲಿ, ಅಂದರೆ ನ್ಯಾಯಾಧೀಶರ ನಡುವೆ ನಡೆದಿದೆ. 2024ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಭಾರತ ಮತ್ತು ಸಿಂಗಪುರದ ಸರ್ವೋಚ್ಚ ನ್ಯಾಯಾಲಯಗಳು ಜಂಟಿಯಾಗಿ ನಡೆಸಿದ ತಂತ್ರಜ್ಞಾನ ಸಮ್ಮೇಳನ ಇದೇ ಪರಂಪರೆಯ ಮುಂದುವರಿಕೆ. ನ್ಯಾಯಾಂಗದ ಹೊರಗಿನ ಪ್ರಯತ್ನಗಳಲ್ಲಿ, ಬೆಂಗಳೂರಿನಲ್ಲಿ 2008ರಲ್ಲಿ ಸ್ಥಾಪಿತವಾದ ದಕ್ಷ್ ಸಂಸ್ಥೆಯ, ವಿಳಂಬ ಕುರಿತ ದತ್ತಾಂಶ ಆಧಾರಿತ ಅಧ್ಯಯನಗಳು ಉಲ್ಲೇಖನೀಯ.

ಅಪಾಯಗಳು ಮಾತ್ರ ಮಾರುಕಟ್ಟೆಗಾಗಿ ಕಾಯಲಿಲ್ಲ. 2025ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಅಸ್ತಿತ್ವದಲ್ಲಿಲ್ಲದ ತೀರ್ಪುಗಳನ್ನು ವಿಚಾರಣಾ ನ್ಯಾಯಾಲಯದ ಆದೇಶವೊಂದು ಉಲ್ಲೇಖಿಸಿದುದನ್ನು ಗಂಭೀರವಾಗಿ ಪರಿಗಣಿಸಿತು. 2025ರ ಜುಲೈನಲ್ಲಿ ಕೇರಳ ಉಚ್ಚ ನ್ಯಾಯಾಲಯವು ಜಿಲ್ಲಾ ನ್ಯಾಯಾಂಗಕ್ಕಾಗಿ ಕೃತಕ ಬುದ್ಧಿಮತ್ತೆಯ ಬಳಕೆಯ ನೀತಿಯನ್ನು ಹೊರಡಿಸಿ, ತೀರ್ಮಾನ ಕೈಗೊಳ್ಳಲು ಅದನ್ನು ಬಳಸುವಂತಿಲ್ಲವೆಂದು ವಿಧಿಸಿತು.

ಕನ್ನಡದ ಮಟ್ಟಿಗೆ ಪ್ರಶ್ನೆ ಇನ್ನೂ ಮೂಲಭೂತವಾದುದು. ಸಂವಿಧಾನದ 348ನೆಯ ವಿಧಿಯಂತೆ ಉನ್ನತ ನ್ಯಾಯಾಲಯಗಳ ಭಾಷೆ ಇಂಗ್ಲಿಷ್. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆರಂಭಿಸಿದ ಸುವಾಸ್ ಅನುವಾದ ತಂತ್ರಾಂಶದ ಭಾಷೆಗಳಲ್ಲಿ ಕನ್ನಡವೂ ಸೇರಿದೆ. 2023ರ ಜನವರಿಯಲ್ಲಿ ಸುಮಾರು 34,000 ತೀರ್ಪುಗಳು ಉಚಿತವಾಗಿ ಲಭ್ಯವಾದವು. ಮಾಂಟ್ರಿಯಲ್ ಘೋಷಣೆಯ ಆಶಯ ಇಲ್ಲಿ ಭಾಗಶಃ ನೆರವೇರಿತೆನ್ನಬಹುದು. ಆದರೆ ತಾಲ್ಲೂಕು ನ್ಯಾಯಾಲಯದಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯ, ಕೈಬರಹದ ಪಹಣಿ, ಯುನಿಕೋಡ್‌ಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತ ಇವು ಪದಶೋಧಕ್ಕೆ ಸುಲಭವಾಗಿ ಸಿಗುವುದಿಲ್ಲ. ಇಂಗ್ಲಿಷ್ ದಾಖಲೆಗಳಲ್ಲೇ ಐದರಲ್ಲಿ ನಾಲ್ಕು ಪಾಲು ತಪ್ಪಿಹೋಗಿದ್ದನ್ನು 1985ರ ಅಧ್ಯಯನ ತೋರಿಸಿತ್ತು. ವಿಭಕ್ತಿ ಪ್ರತ್ಯಯಗಳಿಂದ, ಸಂಧಿಗಳಿಂದ, ಪ್ರಾದೇಶಿಕ ರೂಪಗಳಿಂದ ಒಂದೇ ಪದ ಹಲವು ಆಕಾರ ತಾಳುವ ಕನ್ನಡದಲ್ಲಿ ಈ ನಷ್ಟ ಎಷ್ಟೆಂಬುದನ್ನು ಅಳೆಯುವುದು ಅಗತ್ಯ. ತನ್ನ ಜಮೀನಿನ ದಾಖಲೆ ಕಡತದಲ್ಲಿದ್ದೂ ಯಂತ್ರದ ಹುಡುಕಾಟಕ್ಕೆ ಸಿಗದಿದ್ದರೆ, ಅದು ಇಲ್ಲವೆಂದೇ ಕಕ್ಷಿದಾರನ ಪಾಲಿಗೆ ಅರ್ಥ.

10. ಉಪಸಂಹಾರ

ಕಾನೂನು ತಂತ್ರಜ್ಞಾನದ ಸಮ್ಮೇಳನವು ಬಳಕೆದಾರರ ಕೂಟವಾಗಿ ಹುಟ್ಟಿ, ಸಂಶೋಧನೆಯ ವೇದಿಕೆ, ನಿಯಮ ರಚನೆಯ ಪೂರ್ವಮಂಟಪ, ಮಾರುಕಟ್ಟೆ, ಮುಕ್ತ ಲಭ್ಯತೆಯ ಘೋಷಣಾಪೀಠ ಎಂಬ ಹಲವು ಪಾತ್ರಗಳನ್ನು ವಹಿಸಿದೆ. ಹೊಸ ಪಾತ್ರ ಹಳೆಯದನ್ನು ಅಳಿಸಲಿಲ್ಲ, ಅದರ ಮೇಲೆ ಪದರವಾಗಿ ಕೂಡಿಕೊಂಡಿತು. ಇಂದಿನ ಒಂದೇ ಸಮಾವೇಶದಲ್ಲಿ ಕಲಿಕೆಯೂ ವ್ಯಾಪಾರವೂ ನಿಯಮಚಿಂತನೆಯೂ ಬೆರೆತಿರುವುದಕ್ಕೆ ಇದು ಕಾರಣ.

ಈ ಬೆರಕೆಯನ್ನು ತಪ್ಪಿಸುವುದು ಸಾಧ್ಯವಿಲ್ಲ. ಅದನ್ನು ಗೋಚರವಾಗಿಸುವುದು ಸಾಧ್ಯವಿದೆ. ನಾಲ್ಕು ದಶಕಗಳ ಅನುಭವದಿಂದ ಮೂರು ನಿದರ್ಶನಗಳು ಇದಕ್ಕೆ ದೊರೆಯುತ್ತವೆ. ಸೆಡೋನಾದಂತೆ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಒಡ್ಡುವುದು ಮೊದಲನೆಯದು. ಟ್ರೆಕ್‌ನಂತೆ ಪರೀಕ್ಷೆಯನ್ನು ಜಾಹೀರಾತಿನಿಂದ ಬೇರ್ಪಡಿಸುವುದು ಎರಡನೆಯದು. ಸಂಶೋಧಕರ ಸಮ್ಮೇಳನಗಳಂತೆ ನಡಾವಳಿಗಳನ್ನು ಪ್ರಕಟಿಸಿ ಪುನರ್ವಿಮರ್ಶೆಗೆ ಅವಕಾಶ ಕೊಡುವುದು ಮೂರನೆಯದು. ಡ ಸಿಲ್ವ ಮೂರ್ ಪ್ರಕರಣ ಎತ್ತಿದ ಪ್ರಶ್ನೆಗೆ ನಾಲ್ಕನೆಯದೊಂದು ಬೇಕಾಗಿದೆ: ವೇದಿಕೆಯ ವೆಚ್ಚ ಯಾರದೆಂಬುದರ ಸ್ಪಷ್ಟ ಪ್ರಕಟಣೆ.

ಭಾರತದ ನ್ಯಾಯಾಂಗ ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ಅಂಗೀಕರಿಸುವ ಹೊಸ್ತಿಲಲ್ಲಿದೆ. ನ್ಯಾಯಾಧೀಶರು, ವಕೀಲರು, ತಂತ್ರಜ್ಞರು, ಭಾಷಾವಿಜ್ಞಾನಿಗಳು ಒಟ್ಟಿಗೆ ಕುಳಿತು, ಕನ್ನಡದ ದಾಖಲೆಗಳ ಮೇಲೆಯೇ ಈ ಉಪಕರಣಗಳನ್ನು ಪರೀಕ್ಷಿಸುವ ವೇದಿಕೆಯೊಂದು ರೂಪುಗೊಂಡರೆ, ಬೇರೆಡೆ ಎರಡು ದಶಕಗಳಲ್ಲಿ ಕಲಿತ ಪಾಠವನ್ನು ಇಲ್ಲಿ ಕಕ್ಷಿದಾರರ ನಷ್ಟದಿಂದ ಮತ್ತೆ ಕಲಿಯಬೇಕಾಗುವುದಿಲ್ಲ.